ತುಕ್ಕು ಹಿಡಿದ ನಟ್ಟು, ನರಿಯ ಬಾಲ

ಒಂದು ಕಾಡಿನಲ್ಲಿ ಒಂದು ತಾಯಿ ಮೊಲವಿತ್ತು. ಅದರ ಹತ್ತಿರ ಹಳೇ ಸೈಕಲ್ ಇತ್ತು. ಅದರ ಮೇಲೆಯೇ ಮರಿಗಳಿಗೆ ದೂರದ ಬಯಲಿನಿಂದ ಗರಿಕೆ ಹೇರಿಕೊಂಡು ತರುತ್ತಿತ್ತು. ನರಿಗೆ ಆ ಸೈಕಲ್ ಮೇಲೆ ಕಣ್ಣು. ಕೇಳಿದರೆ ಮೊಲ ಕೊಡುವುದಿಲ್ಲ, ಕದ್ದರೆ ಕಾಡಿಗೆಲ್ಲ ಗೊತ್ತಾಗುತ್ತದೆ. ಆ ನಾಚಿಕೆಗೆಟ್ಟ ನರಿ ಏನು ಮಾಡಿತು ಗೊತ್ತೇ? ಮೊಲ ಮಲಗಿದಾಗಲೆಲ್ಲ ಬಂದು, ಹಿಂದಿನ ಚಕ್ರದ ನಟ್ಟುಗಳ ಮೇಲೆ ಕಾಲೆತ್ತಿ ಉಚ್ಚೆ ಹೊಯ್ದು ಹೋಗುತ್ತಿತ್ತು.

ಮಳೆಗಾಲ ಮುಗಿಯುವಷ್ಟರಲ್ಲಿ ನಟ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡವು. ಒಂದು ದಿನ ಹಿಂದಿನ ಟೈರು ಹರಿಯಿತು. ಬದಲಿಸೋಣವೆಂದರೆ ಚಕ್ರ ಬಿಚ್ಚಲು ಬರಲಿಲ್ಲ. ಮೊಲ ಎಣ್ಣೆ ತರುವ ಮೊದಲೇ ನರಿ ಬಂದು ನಿಂತಿತು.

"ಇದರ ಕಥೆ ಮುಗೀತು ಕಣಮ್ಮ," ಎಂದಿತು ನರಿ. "ಸುಮ್ಮನೆ ಜಾಗ ತಿನ್ನುತ್ತೆ. ನಾನೇ ದೂರ ಎಸೆದು ಬರ್ತೀನಿ ಬಿಡು."

ಮೊಲ ಕಣ್ಣೊರೆಸಿಕೊಂಡು ಸೈಕಲ್ ಕೊಟ್ಟಿತು.

ಟೈರು ಹರಿದಿದ್ದರೇನು, ಇಳಿಜಾರಿನಲ್ಲಿ ಓಡುತ್ತದಲ್ಲ ಎಂದು ನರಿ ಹಿಗ್ಗಿನಿಂದ ಏರಿ ಕುಳಿತಿತು. ಅರ್ಧ ದಾರಿಯಲ್ಲಿ ಅದರ ಬಾಲ ಚೈನಿಗೆ ಸಿಕ್ಕಿ, ಹಲ್ಲುಚಕ್ರಕ್ಕೆ ಸುತ್ತಿಕೊಂಡಿತು. ನರಿ ಸೈಕಲ್ ಸಮೇತ ಬಿತ್ತು. ಬಿದ್ದದ್ದು ಚಿರತೆ ನೀರಿಗೆ ಬರುವ ದಾರಿಯಲ್ಲಿ. ಹೊತ್ತು ಮುಳುಗುತ್ತಿತ್ತು.

ಬಾಲ ಸಿಕ್ಕಿಕೊಂಡಿತೆಂಬ ಅರಚಾಟ ಕೇಳಿ ಮೊಲ ಪಾನಾ, ಎಣ್ಣೆ ಹಿಡಿದು ಓಡಿಬಂತು. ಚಕ್ರ ಬಿಚ್ಚದೆ ಬಾಲ ಹೊರಗೆ ಬರುವಂತಿರಲಿಲ್ಲ. ನಟ್ಟಿಗೆ ಎಣ್ಣೆ ಬಿಟ್ಟು, ಪಾನಾ ಹಾಕಿ ಜಗ್ಗಿತು. ನಟ್ಟು ಅಲುಗಲಿಲ್ಲ.

"ಜೋರಾಗಿ ತಿರುಗಿಸಮ್ಮ, ಚಿರತೆ ಬರೋ ಹೊತ್ತಾಯ್ತು."

"ಜೋರು ಮಾಡಿದರೆ ನಟ್ಟಿನ ಮೂಲೆ ಸವೆದು ಪಾನಾ ಹಿಡಿಯೋದೇ ಇಲ್ಲ ನರಿಯಣ್ಣ. ಎಣ್ಣೆ ಒಳಗೆ ಇಳಿಯೋವರೆಗೂ ಕಾಯಬೇಕು."

"ಎಷ್ಟು ಹೊತ್ತು?"

"ಮೊನ್ನೆ ಮೊನ್ನೆ ಹಿಡಿದ ತುಕ್ಕಾದರೆ ಬೇಗ ಬಿಡುತ್ತೆ. ಹಳೇದಾದರೆ ಇವತ್ತು ಆಗಲ್ಲ."

ಆ ತುಕ್ಕು ಎಷ್ಟು ಹಳೆಯದೆಂದು ನರಿಗೆ ಗೊತ್ತಿತ್ತು. "ಮಳೆಗಾಲದ ಮೊದಲಿಂದ ಹಿಡಿದದ್ದು," ಎಂದು ಗೊಣಗಿತು. "ನಾನೇ ಹಿಡಿಸಿದ್ದು."

ಮೊಲದ ಕೈ ನಿಂತಿತು. ಆಮೇಲೆ ಅದು ಇನ್ನಷ್ಟು ಎಣ್ಣೆ ಬಿಟ್ಟಿತು. ಅಷ್ಟರಲ್ಲಿ ಮರದ ಮೇಲೆ ಕೋತಿಗಳು ಗಾಬರಿಯಿಂದ ಕೂಗಿಕೊಂಡವು. ಪೊದೆಯಾಚೆ ತರಗೆಲೆ ಸದ್ದಾಯಿತು.

"ಮನೇಲಿ ಮರಿಗಳಿವೆ ಅಣ್ಣ," ಎಂದು ಮೊಲ ಓಡಿತು.

ನರಿ ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬಾಲ ಎಳೆದುಕೊಂಡಿತು. ಊಳಿಡುತ್ತಾ ಕತ್ತಲಲ್ಲಿ ಮಾಯವಾಯಿತು.

ಬೆಳಿಗ್ಗೆ ಮೊಲ ಹೆದರುತ್ತಲೇ ಅಲ್ಲಿಗೆ ಬಂತು. ರಾತ್ರಿಯಿಡೀ ಎಣ್ಣೆ ಒಳಗೆ ಇಳಿದಿತ್ತು. ಪಾನಾ ಇಟ್ಟು ತಿರುಗಿಸಿದ್ದೇ ತಡ, ನಟ್ಟು ಸಲೀಸಾಗಿ ಬಿಚ್ಚಿಕೊಂಡಿತು. ಚಕ್ರದ ಜೊತೆ ನರಿಯ ಅರ್ಧ ಬಾಲವೂ ಕೆಳಗೆ ಬಿತ್ತು.

ನೀತಿ: ಇನ್ನೊಬ್ಬರ ವಸ್ತುವನ್ನು ಕೆಡಿಸಿ ಪಡೆದುಕೊಂಡವನು, ತಾನು ಕೆಡಿಸಿದ್ದರಲ್ಲೇ ಸಿಕ್ಕಿಬೀಳುತ್ತಾನೆ.