ಗುಡ್ಡದ ತಲೆನೋವು ಇಳಿದದ್ದು

ಸಿಂಗಿ. ಅಲ್ಲ. ಸುಂಬಳ. ಛೆ, ಅದು ಮೂಗಿನದು! ನಗಬೇಡ ಶಾಲ್ಮಲಾ. ತಲೆಯ ಮೇಲೆ ಕೊಡ ಇಡುವ ಮೊದಲು ಹೆಂಗಸರು ಹಳೆಯ ಸೀರೆಯ ತುಂಡನ್ನು ತಿರುಚಿ, ಬಳೆಯ ಹಾಗೆ ಸುತ್ತಿ, ನೆತ್ತಿಯ ಮೇಲೆ ಇಟ್ಟುಕೊಳ್ಳುತ್ತಾರಲ್ಲ, ಅದಕ್ಕೊಂದು ಹೆಸರಿದೆ. ಈ ಊರಿನಲ್ಲಿ ನೀರು ನಲ್ಲಿಯಲ್ಲೇ ಬರುತ್ತದೆ. ಯಾರ ತಲೆಯ ಮೇಲೂ ಕೊಡವಿಲ್ಲ. ನನ್ನ ಊರು ಬಿಟ್ಟು ಇಷ್ಟು ದೂರ ಬಂದ ಮೇಲೆ ಆ ಹೆಸರನ್ನು ಹೇಳುವ ಕೆಲಸವೇ ಬೀಳಲಿಲ್ಲ. ಇರಲಿ, ಕಥೆ ನಡೆಯುತ್ತಾ ಹೋದರೆ ಅದೇ ಬಂದೀತು.

ಕಿಟಕಿಯಾಚೆಯ ಬೆಟ್ಟದ ತುದಿಗೆ ಮೋಡ ಯಾಕೆ ಸುತ್ತಿಕೊಂಡಿದೆ ಎಂದು ಕೇಳಿದೆಯಲ್ಲ? ಹೇಳುತ್ತೇನೆ, ಕೇಳು.

ಆಗ ಭೂಮಿಯ ಮೈ ಇನ್ನೂ ಹಸಿಯಾಗಿತ್ತು. ಯಾವ ಕಡೆ ಹರಿಯಬೇಕೆಂದು ನದಿಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಆಕಾಶವನ್ನು ಯಾರು ಹೊರುತ್ತೀರಿ ಎಂದು ಭೂಮಿ ಕೇಳಿದಾಗ ಗುಡ್ಡಗಳೆಲ್ಲ ಮುಖ ತಿರುಗಿಸಿದವು. ಎಲ್ಲಕ್ಕಿಂತ ಎತ್ತರದ ಒಂದು ಗುಡ್ಡ ಮಾತ್ರ, ಪಾಪ, ತಲೆ ಕೊಟ್ಟಿತು.

ಆ ಗುಡ್ಡದ ಎದೆಯನ್ನು ಸೀಳಿಕೊಂಡು ಒಂದು ಕಡಿದಾದ ಕೊಳ್ಳ ಇಳಿದಿತ್ತು. ಎರಡೂ ಕಡೆ ಗೋಡೆಯಂಥ ಬಂಡೆ, ನಡುವೆ ಸಣ್ಣ ತೊರೆ. ಕೊಳ್ಳದ ಬಾಯಲ್ಲಿ ಒಂದು ಊರು.

ಬರಬರುತ್ತ ಗುಡ್ಡ ನರಳತೊಡಗಿತು. ನರಳಿದಾಗಲೆಲ್ಲ ತಲೆ ಅಲುಗಿಸುತ್ತಿತ್ತು. ತಲೆ ಅಲುಗಿಸಿದಾಗಲೆಲ್ಲ ಕಲ್ಲುಗಳು ಗಡಗಡ, ಗಡಗಡ ಎಂದು ಕೊಳ್ಳದಲ್ಲಿ ಉರುಳಿ ಬರುತ್ತಿದ್ದವು. ಮೊದಲು ಊರಾಚೆ ಬಿದ್ದವು. ಆಮೇಲೆ ಹಿತ್ತಿಲಿಗೆ ಬಂದವು.

"ಗುಡ್ಡಕ್ಕ ಸಿಟ್ಟು ಬಂದೈತಿ," ಎಂದ ಊರಗೌಡ.

ಸಿಟ್ಟು ಇಳಿಯಲಿ ಎಂದು ಜನ ಹೋಳಿಗೆ ಮಾಡಿ ಕೊಳ್ಳದ ಬಾಯಲ್ಲಿ ಇಟ್ಟು ಬಂದರು. ಅದನ್ನು ಕಾಗೆ ತಿಂದಿತು.

"ಹೂರಣ ಛಲೋ ಆಗೇತ್ರಿ," ಎಂದಿತು ಕಾಗೆ. "ನಾಳೆ ತುಪ್ಪ ಸ್ವಲ್ಪ ಜಾಸ್ತಿ ಹಾಕ್ರಿ."

ಕಲ್ಲು ಉರುಳುವುದು ನಿಲ್ಲಲಿಲ್ಲ. ಗಡಗಡ, ಗಡಗಡ.

ಒಂದು ಬೆಳಗ್ಗೆ ಗೌಡ ಎಲ್ಲರನ್ನೂ ಕರೆದು, "ಇನ್ನ ಸಾಕು. ನಾಳೆ ಊರು ಬಿಡೂಣು. ಗಂಟು ಕಟ್ಟಿಕೋರಿ," ಎಂದ.

ಆ ಊರಿನಲ್ಲಿ ಬಾಳವ್ವ ಎಂಬ ಮುದುಕಿ ಇದ್ದಳು. ಅವಳ ಮಗಳು ಸಂಗವ್ವನಿಗೆ ದಿನ ತುಂಬಿತ್ತು. ಗೋಡೆ ಹಿಡಿಯದೆ ಹೊಸ್ತಿಲವರೆಗೂ ನಡೆಯಲಾರಳು.

"ಈಕಿನ್ನ ಹ್ಯಾಂಗ ನಡಸ್ಕೊಂಡು ಹೋಗ್ಲಿ ಗೌಡಾ? ದಾರ್ಯಾಗ ಹಡದ್ರ ಏನ ಮಾಡ್ಲಿ?" ಎಂದಳು ಬಾಳವ್ವ.

ಗೌಡ ಗುಡ್ಡದ ಕಡೆ ನೋಡಿ ಕೈ ಚೆಲ್ಲಿದ.

"ಹಂಗಾದ್ರ ನಾನ ಮ್ಯಾಲೆ ಹೋಗಿ ಕೇಳಿ ಬರ್ತೀನಿ."

"ಯಾರನ್ನ? ಗುಡ್ಡನ್ನ? ನಿನ್ನ ಮೊಣಕಾಲು ಮನಿ ಕಟ್ಟಿ ಹತ್ತಾಕ ಅಳ್ತಾವಲ್ಲಬೇ!"

"ಅಳ್ಲಿ ಬಿಡು. ಅಳ್ಕೋತನ ಹತ್ತತಾವು."

ಬಂಡೆ ಹಿಡಿಯಲು ಎರಡೂ ಕೈ ಬೇಕಲ್ಲ? ಅದಕ್ಕೆ ಬಾಳವ್ವ ರೊಟ್ಟಿಯ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡಳು. ಬುಟ್ಟಿಯ ಕೆಳಗೆ ಆ ಬಟ್ಟೆಯ ಬಳೆ. ಇಲ್ಲ, ಹೆಸರು ಇನ್ನೂ ಬರಲಿಲ್ಲ.

ಕೊಳ್ಳದೊಳಗೆ ಬಿಸಿಲೇ ಇಳಿಯುತ್ತಿರಲಿಲ್ಲ. ಕಾಲಿಟ್ಟ ಕಡೆ ಕಲ್ಲು ಜಾರುತ್ತಿತ್ತು. ಒಂದು ತಿರುವು ದಾಟಿದರೆ ಮುಗಿಯಿತು ಎಂದುಕೊಂಡರೆ, ಅದರ ಹಿಂದೆ ಅದಕ್ಕಿಂತ ಕಡಿದಾದ ಇನ್ನೊಂದು ತಿರುವು. "ಇನ್ನೊಂದ ತಿರುವು ಬಾಳವ್ವಾ, ಇನ್ನೊಂದ ತಿರುವು," ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಹತ್ತಿದಳು.

"ಏನಬೇ, ಎಲ್ಲಾರೂ ನನ್ನ ಜೋಡಿ ಇಳೀತಾರ. ನೀ ಒಬ್ಬಾಕಿ ಹತ್ತಾಕತ್ತೀಯಲ್ಲ?" ಎಂದಿತು ತೊರೆ.

"ನೀ ಇಳಿ ತಂಗಿ. ನನ್ನ ಮಗಳಿಗೆ, ಅವ್ವ ಬರ್ತಾಳ, ಅಂಜಬ್ಯಾಡ ಅಂತ ಹೇಳು."

ತೊರೆ ಆ ಮಾತನ್ನು ಹೊತ್ತುಕೊಂಡು ಓಡಿತು.

ಅಷ್ಟರಲ್ಲಿ ಮೇಲಿನಿಂದ ಗಡಗಡ, ಗಡಗಡ! ಬಂಡೆಗೆ ಅಂಟಿಕೊಂಡಿದ್ದ ಒಂದು ಉಡ ಕೂಗಿತು: "ಹೊಟ್ಟಿ ಕಲ್ಲಿಗೆ ಹಚ್ಚವ್ವಾ! ಉಸರು ಬಿಗಿ ಹಿಡಿ!"

ಬಾಳವ್ವ ಗೋಡೆಗೆ ಒತ್ತಿ ನಿಂತಳು. ಎಮ್ಮೆಯಷ್ಟು ದೊಡ್ಡ ಕಲ್ಲು ಅವಳ ಸೆರಗನ್ನು ಸವರಿಕೊಂಡು ಕೆಳಗೆ ಹೋಯಿತು.

ಸೆರಗು ಸರಿಮಾಡಿಕೊಂಡು ಅವಳು ಕೇಳಿದಳು: "ನೀ ಹ್ಯಾಂಗ ಬೀಳೂದಿಲ್ಲೋ ತಮ್ಮಾ?"

"ನಾ ಕೆಳಗ ನೋಡೂದ ಇಲ್ಲ," ಎಂದಿತು ಉಡ.

ಬಾಳವ್ವನೂ ಕೆಳಗೆ ನೋಡಲಿಲ್ಲ. ಇನ್ನೊಂದು ತಿರುವು, ಇನ್ನೊಂದು ತಿರುವು. ಕೊನೆಗೆ ತಿರುವೇ ಇರಲಿಲ್ಲ. ಬಂಡೆ ಮುಗಿದು ಹುಲ್ಲು ಬಂತು, ಹುಲ್ಲು ಮುಗಿದು ಬೋಳು ಕಲ್ಲು ಬಂತು. ಗುಡ್ಡದ ನೆತ್ತಿ!

ಅವಳು ಬುಟ್ಟಿ ಇಳಿಸಿ, "ಉಸ್ಸಪ್ಪಾ," ಎಂದು ಕುಳಿತಳು.

ಅದನ್ನು ಕೇಳಿ ಗುಡ್ಡ ಬಿಕ್ಕಿತು. "ನೀ ಇಳಿಸಿದಿ. ನಾ ಎಲ್ಲಿ ಇಳಿಸ್ಲಿ?"

"ಸಿಟ್ಟು ಬಂದಿಲ್ಲೇನು ನಿನಗ?"

"ಎಲ್ಲೀ ಸಿಟ್ಟು? ತಲಿ ಸಿಡ್ಯಾಕತ್ತೇತಿ ಯವ್ವಾ! ತಾಳಲಾರದ ಅಲುಗಾಡಿಸ್ತೀನಿ."

ಬಾಳವ್ವ ಎದ್ದು ನೋಡಿದಳು. ಆಕಾಶದ ಭಾರವೆಲ್ಲ ಗುಡ್ಡದ ಬರಿಯ ನೆತ್ತಿಯ ಮೇಲೇ ಕುಳಿತಿತ್ತು. ತಿಕ್ಕಿ ತಿಕ್ಕಿ ಕಲ್ಲು ಕೆಂಪಾಗಿತ್ತು.

"ಅಯ್ಯ ನಿನ್ನ! ಸಿಂಬಿ ಇಲ್ಲದ ಹೊತ್ತೀಯೇನಪಾ?"

ಸಿಂಬಿ! ಬಂತು ನೋಡು ಶಾಲ್ಮಲಾ! ಬಾಳವ್ವನ ಬಾಯಿಂದಲೇ ಬಂತು. ಸಿಂಬಿ, ಸಿಂಬಿ. ಅಬ್ಬಾ, ಎಲ್ಲಿ ಕುಳಿತಿತ್ತೋ ಇಷ್ಟು ದಿನ.

"ಸಿಂಬಿ ಅಂದ್ರ?" ಎಂದಿತು ಗುಡ್ಡ. ಪಾಪ, ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಾಳವ್ವ ತನ್ನದನ್ನು ತೋರಿಸಿದಳು. ಆದರೆ ಅಷ್ಟು ಸಣ್ಣ ಸಿಂಬಿ ಗುಡ್ಡದ ತಲೆಗೆ ಎಲ್ಲಿ ಸಾಲಬೇಕು? ಅವಳು ಸುತ್ತ ನೋಡಿದಳು. ತುಸು ಕೆಳಗೆ ಒಂದು ಬಿಳಿಯ ಮೋಡ ಕೆಲಸವಿಲ್ಲದೆ ಬಿದ್ದುಕೊಂಡಿತ್ತು.

"ನನಗ ಕೆಲಸ ಹೇಳಬ್ಯಾಡ್ರಿ. ನಾ ಈಗಷ್ಟ ಎದ್ದೀನಿ," ಎಂದಿತು ಮೋಡ.

"ಮಲಗೂ ಕೆಲಸಾನ ಐತಿ ಬಾರೋ ನನ್ನಪ್ಪಾ. ಸುತ್ಕೊಂಡು ಮಲಗು, ಅಷ್ಟ."

ಅಂಥ ಕೆಲಸಕ್ಕೆ ಯಾರು ಒಲ್ಲೆ ಎನ್ನುತ್ತಾರೆ? ಮೋಡ ಬಂತು. ಬಾಳವ್ವ ಅದನ್ನು ಉದ್ದಕ್ಕೆ ಎಳೆದಳು, ತಿರುಚಿದಳು, ದುಂಡಗೆ ಸುತ್ತಿ ಕೊನೆಯನ್ನು ಒಳಗೆ ಸಿಕ್ಕಿಸಿದಳು. ಇನ್ನು ಆಕಾಶವನ್ನು ತುಸು ಎತ್ತಬೇಕು. ತಲೆಯ ಮೇಲಿನ ದೊಡ್ಡ ಹೊರೆಯನ್ನು ಒಬ್ಬರೇ ಎತ್ತಿ ಇಳಿಸಲಾಗದು. ಹೊರೆ ಹೊತ್ತವರು ಕೈ ಹಚ್ಚಿ ಎಂದರೆ ದಾರಿಯಲ್ಲಿ ಹೋಗುವವರು ಇಲ್ಲ ಎನ್ನಬಾರದು. ಆ ಎತ್ತರದಲ್ಲಿ ದಾರಿ ನಡೆಯುವವನು ಯಾರು? ಗಾಳಿ ಒಬ್ಬನೇ.

"ಗಾಳೆಪ್ಪಾ, ಒಂದು ಕೈ ಹಚ್ಚು!"

ಗಾಳಿ ನಿಂತ. ಹೆಗಲು ಕೊಟ್ಟು, "ಹೂಂ!" ಎಂದು ಆಕಾಶವನ್ನು ಎತ್ತಿದ. ಆ ರಭಸಕ್ಕೆ ಬುಟ್ಟಿಯೂ ರೊಟ್ಟಿಯೂ ಹಾರಿಹೋದವು. ಬಾಳವ್ವ ಅತ್ತ ನೋಡಲಿಲ್ಲ. ಸಿಂಬಿಯನ್ನು ಗುಡ್ಡದ ನೆತ್ತಿಗೆ ನೂಕಿದಳು. ಗಾಳಿ ಆಕಾಶವನ್ನು ಮೆಲ್ಲಗೆ ಇಳಿಸಿದ.

ಆಮೇಲೆ ಗುಡ್ಡ, "ಉಸ್ಸಪ್ಪಾ..." ಎಂದಿತು. ಆ ತಣ್ಣನೆಯ ಉಸಿರು ಕೊಳ್ಳದ ತುಂಬ ಇಳಿಯಿತು. ಉಡದ ಉಗುರು ಮೊದಲ ಸಲ ಸಡಿಲವಾಯಿತು. ಗಂಟು ಕಟ್ಟುತ್ತಿದ್ದ ಜನ ಹಗ್ಗ ಬಿಟ್ಟು ಮುಖ ಎತ್ತಿದರು. ಒಂದು ಹರಳೂ ಉರುಳಲಿಲ್ಲ.

"ಬೆವತ ಸಿಂಬಿ ಹಂಗ ಇಟ್ಕೋಬ್ಯಾಡಪಾ," ಎಂದಳು ಬಾಳವ್ವ, ಇಳಿಯುವ ಮೊದಲು. "ಮಧ್ಯಾಹ್ನ ಗಾಳೆಪ್ಪನ ಕೈಯಾಗ ಆಕಾಶ ಹಿಡಿಸಿ, ಬಿಸಲಿಗೆ ಒಣಗಿಸ್ಕೋ."

ಸಂಜೆ ಅವಳು ಊರು ಮುಟ್ಟಿದಾಗ ಗೌಡ ಓಡಿ ಬಂದ. "ಗುಡ್ಡ ಏನ ಬೇಡ್ತಬೇ? ಹೋಳಿಗಿನ? ಕಡಬನ?"

"ಸಿಂಬಿ," ಎಂದಳು ಬಾಳವ್ವ. ಕಾಗೆಗೆ ಮಾತ್ರ ಬೇಸರವಾಯಿತು.

ಮನೆಯೊಳಗಿನಿಂದ ಎಳೆಯ ಅಳು ಕೇಳಿಸಿತು. ಸಂಗವ್ವ ತನ್ನ ಮನೆಯಲ್ಲೇ, ತನ್ನ ಚಾಪೆಯ ಮೇಲೇ ಹೆತ್ತು ಮಲಗಿದ್ದಳು. "ತೊರಿ ಬಂದು ಹೇಳಿತ್ತವ್ವಾ, ನೀ ಬರ್ತೀ ಅಂತ," ಎಂದಳು. ಬಾಳವ್ವ ಮಗುವನ್ನು ಮಡಿಲಿಗೆ ಹಾಕಿಕೊಂಡು ಕುಳಿತಳು. ಮೊಣಕಾಲುಗಳ ಅಳು ನಿಂತಿತು.

ಅದಕ್ಕೇ ಇಂದಿಗೂ ಎತ್ತರದ ಬೆಟ್ಟದ ನೆತ್ತಿಗೆ ಬೆಳಗ್ಗೆ ಸಂಜೆ ಮೋಡ ಸುತ್ತಿಕೊಂಡಿರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಬಿಚ್ಚಿಕೊಳ್ಳುತ್ತದೆ. ಕೊಳ್ಳ ಹತ್ತಿ ಬಂದವರ ಬೆವರಿಗೆ ತಣ್ಣಗೆ ತಾಗುವುದು ಗುಡ್ಡದ ಆ ಉಸಿರೇ. ಅಗೋ, ನಮ್ಮ ಕಿಟಕಿಯ ಬೆಟ್ಟವೂ ಸಿಂಬಿ ಇಟ್ಟುಕೊಂಡು ಎಷ್ಟು ಹಾಯಾಗಿ ನಿಂತಿದೆ ನೋಡು.

ಪೆನ್ಸಿಲ್ ಎಲ್ಲಿದೆ ಶಾಲ್ಮಲಾ? ಆ ಹೆಸರು ಮತ್ತೆ ನನ್ನ ನಾಲಿಗೆಯಿಂದ ಜಾರುವ ಮೊದಲು ನೀನು ಬರೆದಿಟ್ಟುಕೋ, ಮಗಳೇ.