ಬೋಕಿ ಪುಡಿ ಬೆರೆಸಿದ ಮಣ್ಣು

ಮುಖದ ಮೇಲೆ ಕಂಬಳಿ ಎಳ್ಕೊಂಡೇ ಇರು ಕೂಸೇ, ನಾನೇನು ತೆಗಿ ಅನ್ನಲ್ಲ. ಇಸ್ಕೂಲಲ್ಲಿ ಹಾಡೋಕೆ ನಿಂತು, ಎರಡನೇ ಸಾಲೇ ಮರೆತು, ಅಳ್ತಾ ಓಡಿ ಬಂದ್ಯಂತೆ, ನಾಳೆಯಿಂದ ಹೋಗೋದೇ ಇಲ್ವಂತೆ, ನಿಮ್ಮವ್ವ ಹೇಳಿದ್ಲು. ಸರಿ, ಅದು ನಾಳೆ ಮಾತು. ಕತೆಗೆ ಕಣ್ಣು ಬೇಡ, ಕಿವಿ ಸಾಕು. ಒಳಗಿಂದಲೇ ಹೂಂ ಅಂತಿರು.

ಒಂದಾನೊಂದು ಕಾಲದಲ್ಲಿ ಒಂದೂರಲ್ಲಿ ಒಂದು ಕುಂಬಾರರ ಮನೆ ಇತ್ತಂತೆ. ಆ ಮನೇಲಿ ದ್ಯಾವಮ್ಮ ಅಂತ ಅತ್ತೆ, ಹೊನ್ನಿ ಅಂತ ಹೊಸದಾಗಿ ಬಂದ ಸೊಸೆ. ಮಗ ತಿಗರಿ ತಿರುಗಿಸಿ ಮಡಕೆ ಮಾಡೋನು, ಅತ್ತೆ ಸೊಸೆ ಮಣ್ಣು ತುಳಿದು ಹದ ಮಾಡೋರು. ಆ ಸೀಮೇಲಿ ಮದುವೆ ಅಂದ್ರೆ ಅರಿವೇಣಿ ಬೇಕೇ ಬೇಕು. ಅರಿವೇಣಿ ಅಂದ್ರೆ ಚಿತ್ತಾರ ಬರೆದ ಮದುವೆ ಮಡಕೆ ಕಣೇ. ಹೆಣ್ಣಿನ ಮನೆಯವರು ವಾಲಗ ಊದಿಸ್ಕೊಂಡು ಕುಂಬಾರರ ಮನೆಗೇ ಬಂದು, ಕುಂಬಾರಗಿತ್ತಿಗೆ ಮಡಿಲು ತುಂಬಿ, ಮಡಕೆ ಹೊತ್ಕೊಂಡು ಹೋಗ್ತಿದ್ರಂತೆ. ಮುತ್ತಜ್ಜನ ಕಾಲದಿಂದ ಯಾವ ಮನೆಯಿಂದ ತಂದಿದ್ರೋ ಅದೇ ಮನೆಯದ್ದಾಗಬೇಕು, ಅದು ಬರದೆ ತಾಳಿ ಕಟ್ಟೋ ಹಾಗಿಲ್ಲ.

ಆ ಸಲ ಸಿದ್ದಮ್ಮ ಅನ್ನೋಳ ಮಗಳ ಮದುವೆ ಇತ್ತಂತೆ, ಮುಂದಿನ ಹುಣ್ಣಿಮೆಗೆ. ಹೊನ್ನಿ ಮೊದಲ ಸಲ ತನ್ನ ಕೈಯಾರೆ ಆ ಮಡಕೆಗಳಿಗೆ ಕೆಮ್ಮಣ್ಣಲ್ಲಿ ಬಳ್ಳಿ ಬರೆದಿದ್ದಳಂತೆ. ಮಡಕೆ ಸುಡೋ ಆವಿಗೆ ಜೋಡಿಸಿ ಬೆಂಕಿ ಇಟ್ಟಾಯ್ತು, ಮಗ ಕತ್ತೆ ಹೊಡ್ಕೊಂಡು ಸಂತೆಗೆ ಹೋದ, ದ್ಯಾವಮ್ಮಂಗೆ ಪಕ್ಕದೂರಲ್ಲಿದ್ದ ಮಗಳ ಹೆರಿಗೆಗೆ ಎರಡು ದಿನದ ಮಟ್ಟಿಗೆ ಕರೆ ಬಂತು. ಹೊರಡೋವಾಗ ಸೊಸೆಗೆ ಹೇಳಿದ್ಲಂತೆ, ನೋಡವ್ವ, ಬೂದಿ ಮೇಲೆ ನಾಯಿ ಬಂದು ಮಲಗುತ್ತೆ, ಅದನ್ನ ನಂಬಿ ತೆಗೀಬೇಡ, ಬುಡದ ಬೂದಿಗೆ ಕೈ ಇಟ್ಟು ನೋಡು, ಅಲ್ಲೂ ತಣ್ಣಗಿದ್ರೆ ತೆಗಿ ಅಂತ. ಇವಳು ಹೂಂ ಅಂದ್ಲು, ಈಗ ನೀನು ಅಂತಿದ್ದೀಯಲ್ಲ, ಹಾಗೇ.

ಆಮೇಲೆ ಏನಾಯ್ತು, ನಾಯಿ ಬಂತು, ಬೂದಿ ಮೇಲೆ ಸುತ್ತಿಕೊಂಡು ಮಲಗ್ತು. ಹೊನ್ನಿಗೆ ತನ್ನ ಬಳ್ಳಿ ಹೇಗೆ ಬಂದಿದೆಯೋ ನೋಡೋ ಆಸೆ. ನಾಯಿಗೇ ಸುಡಲಿಲ್ಲ, ಮಡಕೆಗೇನಾಗುತ್ತೆ ಅಂದ್ಕೊಂಡು ನಾಯಿ ಓಡಿಸಿ ಆವಿಗೆ ಬಿಚ್ಚಿಬಿಟ್ಟಳಂತೆ. ತಣ್ಣನೆ ಗಾಳಿ ಒಳಗೆ ನುಗ್ಗಿದ್ದೇ ತಡ, ಟಣ್, ಟಣ್, ಟಣ್, ಒಂದಾದ ಮೇಲೊಂದು ಸೀಳ್ಕೊಂಡ್ವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ, ಇಲ್ಲಿ ದೊಣ್ಣೇನೂ ಬೇಕಾಗಲಿಲ್ಲ.

ಅಯ್ಯೋ, ಆ ನಾಚಿಕೆ ಅಂತೀಯಾ! ಹೊನ್ನಿ ಸೆರಗನ್ನ ಮೂಗಿನ ತನಕ ಎಳ್ಕೊಂಡ್ಲು, ಒಡೆದ ಚೂರು, ಅದೇ ಬೋಕಿ, ಎಲ್ಲಾನೂ ಮಂಕರಿ ಬುಟ್ಟಿಗೆ ತುಂಬಿದ್ಲು, ಅತ್ತೆ ಬರೋದ್ರೊಳಗೆ ಹಳ್ಳಕ್ಕೆ ಸುರಿದು ತವರಿಗೆ ಓಡಿಹೋಗೋಣ ಅಂತ ಹೊರಟ್ಲಂತೆ.

ದಾರೀಲಿ ಒಬ್ಬಳು ಹೆಂಗಸು ಸಿಕ್ಕಿ, ಏನವ್ವ, ಅಗಲವಾದ ಬೋಕಿ ಇದ್ರೆ ಒಂದು ಕೊಡು, ಕಾಳು ಹುರಿಯೋಕಾಗುತ್ತೆ ಅಂದ್ಲಂತೆ. ಕೊಟ್ಟಳು. ಯಾರ ಮನೇದು ಇದು ಅಂದ್ರೆ, ಪಕ್ಕದ ಮನೆಯವರದು ಅಂದ್ಲು. ಆಮೇಲೆ ಒಬ್ಬ ಕುರಿ ಕಾಯೋನು ಸಿಕ್ಕ. ಮಡಕೆ ಬುಡ ಇದ್ರೆ ಕೊಡಕ್ಕ, ಕುರಿಮರಿಗೆ ನೀರಿಡ್ತೀನಿ ಅಂದ. ಕೊಟ್ಟಳು. ಯಾರು ಒಡೆದದ್ದು ಅಂದ್ರೆ, ನಮ್ಮತ್ತೆ ಅಂದುಬಿಟ್ಟಳಂತೆ! ಅಂದ ಮೇಲೆ ಅವಳಿಗೇ ತಪ್ಪು ಅನ್ನಿಸ್ತು. ಆದ್ರೆ ಆಡಿದ ಮಾತು ಬಾಯಿಗೆ ವಾಪಸ್ ಬರುತ್ತಾ?

ಹಳ್ಳದ ದಂಡೇಲಿ ಕಣ್ಣು ಕಾಣದ ಒಬ್ಬಳು ಮುದುಕಿ ಕೂತಿದ್ದಳು. ಬೋಕಿ ಸದ್ದು ಕೇಳಿ, ಯಾರವ್ವ ಒಡೆದದ್ದು ಅಂತ ಕೇಳಿದ್ಲಂತೆ. ಮುಖ ನೋಡೋ ಕಣ್ಣಿಲ್ಲವಲ್ಲ, ಅದಕ್ಕೋ ಏನೋ, ಹೊನ್ನಿ ಅಲ್ಲೇ ಕುಸಿದು, ನಾನೇ ಅಜ್ಜಿ, ಅತ್ತೆ ಮೇಲೆ ಹಾಕ್ಬಿಟ್ಟೆ, ಕೆರೆ ತುಂಬಿದೆ, ಒಳ್ಳೆ ಮಣ್ಣೆಲ್ಲ ನೀರಿನಡಿ, ಮನೇಲಿರೋ ಜಿಗುಟು ಮಣ್ಣು ಒಣಗಿದ್ರೆ ಬಿರಿಯುತ್ತೆ, ನನ್ನಿಂದ ಹುಣ್ಣಿಮೆಗಿರೋ ಒಂದು ಮದುವೆನೇ ನಿಲ್ಲುತ್ತೆ ಅಂತ ಬಿಕ್ಕಿ ಬಿಕ್ಕಿ ಅತ್ತಳಂತೆ. ಮುದುಕಿ ಸಮಾಧಾನಾನೂ ಮಾಡಲಿಲ್ಲ, ಬೈಯಲೂ ಇಲ್ಲ. ಅವಳು ಹೇಳಿದ್ದಿಷ್ಟೇ, ಇದನ್ನ ಹಳ್ಳಕ್ಕೆ ಸುರಿದ್ರೆ ನೀರು ತುಂಬೋರ ಕಾಲಿಗೆ ಚುಚ್ಚುತ್ತೆ. ಮನೆಗೆ ಹೊತ್ಕೊಂಡು ಹೋಗಿ ಕುಟ್ಟಿ ಪುಡಿ ಮಾಡಿ ಆ ಜಿಗುಟು ಮಣ್ಣಿಗೆ ಬೆರೆಸು. ಒಂದು ಸಲ ಬೆಂಕಿ ಕಂಡ ಮಣ್ಣು ಒಳಗಿದ್ರೆ ಹಸಿ ಮಣ್ಣು ಬಿರಿಯಲ್ಲ. ಹುಣ್ಣಿಮೆ ಇನ್ನೂ ದೂರ ಇದೆ, ಏಳು.

ಹೊನ್ನಿ ಮಂಕರಿ ಹೊತ್ತು ಹಿಂದಕ್ಕೆ ಬಂದ್ಲು. ಬಂದು ನೋಡಿದ್ರೆ ಅಂಗಳದಲ್ಲಿ ಸಿದ್ದಮ್ಮ! ಕುರಿಯೋನ ಮಾತು ಆಗಲೇ ಊರೆಲ್ಲ ಸುತ್ತಿತ್ತು. ಆಗಷ್ಟೆ ಬಂದಿದ್ದ ದ್ಯಾವಮ್ಮನ ಎದುರು ನಿಂತು, ಇಷ್ಟು ವರ್ಷದ ಕೈ ನನ್ನ ಮಗಳ ಮದುವೇಲೇ ಜಾರಬೇಕಿತ್ತಾ ಅಂತ ಬೈತಿದ್ದಳಂತೆ. ದ್ಯಾವಮ್ಮ ಬೂದಿ ನೋಡಿದ್ಲು, ಗೋಡೆ ಮರೇಲಿದ್ದ ಸೊಸೇನ ನೋಡಿದ್ಲು, ವಯಸ್ಸಾಯ್ತವ್ವ, ನನ್ನದೇ ತಪ್ಪು, ಹುಣ್ಣಿಮೆಗೆ ಅರಿವೇಣಿ ಕೊಡ್ತೀನಿ ಅಂದ್ಲಂತೆ. ಹೊನ್ನಿ ಗೋಡೆ ಮರೇಲೇ ಸೆರಗನ್ನ ಇನ್ನಷ್ಟು ಕೆಳಕ್ಕೆ ಎಳ್ಕೊಂಡ್ಲು. ಅತ್ತೆ ಬೈದಿದ್ರೆ ಎಷ್ಟೋ ಹಗುರ ಆಗ್ತಿತ್ತು.

ಆಮೇಲೆ ಹೊನ್ನಿ ಕುಟ್ಟಿದ್ಲು, ಜರಡಿ ಹಿಡಿದ್ಲು, ಮಣ್ಣು ತುಳಿದ್ಲು, ಸೆರಗು ಮಾತ್ರ ಮೇಲೆತ್ತಲಿಲ್ಲ. ಸಂತೆಯಿಂದ ಬಂದ ಗಂಡ ತಿಗರಿ ತಿರುಗಿಸಿದ. ಮಡಕೆ ಒಣಗಿದ್ವು, ಒಂದೂ ಬಿರಿಯಲಿಲ್ಲ, ಹೊನ್ನಿ ಮತ್ತೆ ಬಳ್ಳಿ ಬರೆದ್ಲು. ಆವಿಗೆಗೆ ಬೆಂಕಿ ಇಟ್ಟ ಮೇಲೆ, ಇದನ್ನ ಯಾರವ್ವ ಕಾಯೋದು ಅಂತ ಮಗ ಕೇಳಿದ. ಇನ್ಯಾರು, ಹೊನ್ನಿನೇ ಅಂದ್ಲಂತೆ ದ್ಯಾವಮ್ಮ. ಬೇಡ ಅತ್ತೆ, ನನ್ನನ್ನ ನಂಬಬೇಡಿ ಅಂತ ಇವಳು ಕಾಲಿಗೆ ಬಿದ್ಲು. ಏಳೇ, ಒಂದು ಸಲ ಕೆಡಿಸಿದೋಳಿಗೇ ಕಾಯೋದು ಗೊತ್ತಿರೋದು ಅಂತ ಹೇಳಿ ದ್ಯಾವಮ್ಮ ಒಳಗೆ ಹೋದ್ಲಂತೆ.

ನಾಯಿ ಬಂತು. ಮಲಗ್ತು. ಹೊನ್ನಿ ಅಲ್ಲಾಡಲಿಲ್ಲ. ನಾಯಿ ಎದ್ದು ಮೈ ಕೊಡವಿಕೊಂಡು ಹೋಯ್ತು, ಆಗಲೂ ಅಲ್ಲಾಡಲಿಲ್ಲ. ಬುಡದ ಬೂದಿ ತಣ್ಣಗೆ ಕೈಗೆ ಹತ್ತಿದ ಮೇಲೆ ತೆಗೆದ್ಲು ನೋಡು, ಎಲ್ಲಾ ಇಡಿಯಾಗಿದ್ವು.

ವಾಲಗದ ಜೊತೆ ಸಿದ್ದಮ್ಮ ಬಂದ್ಲು, ಒಂದು ಮಡಕೆ ತಟ್ಟಿ ನೋಡಿದ್ಲು, ಠಣ್ ಅಂತು. ಪರವಾಗಿಲ್ಲ ದ್ಯಾವಮ್ಮ, ಕೈ ಇನ್ನೂ ಗಟ್ಟಿ ಇದೆ ಅಂತ ಮಡಿಲು ತುಂಬೋಕೆ ಅಕ್ಕಿ ಎತ್ತಿದ್ಲು. ಆಗ ಹೊನ್ನಿ ಮುಂದೆ ಬಂದು, ಅವತ್ತು ಒಡೆದದ್ದು ನಾನು, ನಮ್ಮತ್ತೆ ಅಲ್ಲ, ಸುಳ್ಳು ಹೇಳಿದ್ದೂ ನಾನೇ ಅಂದ್ಲಂತೆ. ವಾಲಗ ನಿಂತೋಯ್ತು. ಎಲ್ಲರೂ ಇವಳನ್ನೇ ನೋಡಿದ್ರು. ಸಿದ್ದಮ್ಮ ದುರುಗುಟ್ಟಿ ನೋಡಿ, ಮತ್ತೆ ಈ ಗಟ್ಟಿ ಮಡಕೆ ಯಾರದು ಅಂದ್ಲು. ಮಣ್ಣು ಹದ ಮಾಡಿ ಆವಿಗೆ ಕಾದದ್ದು ನಾನೇ, ಅವತ್ತು ಒಡೆದ ಬೋಕಿನೇ ಪುಡಿಯಾಗಿ ಇದರೊಳಗಿದೆ ಅಂದ್ಲು ಹೊನ್ನಿ.

ದ್ಯಾವಮ್ಮ ಬಂದು ಅವಳ ಸೆರಗನ್ನ ಹಿಂದಕ್ಕೆ ಸರಿಸಿ, ಮುಖ ಕಾಣದೆ ಕುಂಕುಮ ಎಲ್ಲಿಗೆ ಇಡ್ತಾರೆ, ತಲೆ ಎತ್ತೇ ಅಂದ್ಲಂತೆ. ಸಿದ್ದಮ್ಮ ಕುಂಕುಮ ಇಟ್ಟು ಹೊನ್ನಿ ಮಡಿಲನ್ನೇ ತುಂಬಿದ್ಲು. ಮದುವೆ ನಡೀತು. ಅವತ್ತಿಂದ ಆ ಮನೇಲಿ ಮಣ್ಣು ಕಲೆಸೋವಾಗೆಲ್ಲ ಒಂದು ಹಿಡಿ ಬೋಕಿ ಪುಡಿ ಹಾಕ್ತಾರಂತೆ.

ಓಹೋ, ಕಂಬಳಿಯಿಂದ ಒಂದು ಕಣ್ಣು ಈಚೆ ಬಂತಲ್ಲ! ಏನು? ಹಾಡಿನ ಎರಡನೇ ಸಾಲು ನೆನಪಿಗೆ ಬಂತಾ? ಹಾಡೇ ಹಾಗಾದ್ರೆ, ಮೆಲ್ಲಗೆ, ನನಗೊಬ್ಬಳಿಗೇ ಕೇಳೋ ಹಾಗೆ. ಕತೆ ಮುಗೀತು, ಮಡಕೆ ಮದುವೆ ಮನೆ ಸೇರ್ತು, ಇನ್ನು ನಿನ್ನ ಹಾಡು, ನನ್ನ ನಿದ್ದೆ.