ಹಿಂದೆ ಸರಿದ ಚಪ್ಪರ

"ಬುದ್ಧೀ, ಬಾಯಲ್ಲಿ ಊರ ಹಿತ ಆಡುವವನು ಒಳಗೊಳಗೇ ತನ್ನ ಬೇಳೆ ಬೇಯಿಸಿಕೊಳ್ಳುತ್ತಿದ್ದಾನೋ ಹೇಗೆ? ಅದನ್ನು ತಿಳಿಯುವ ಬಗೆ ಯಾವುದು?" ಎಂದು ಹಿರಿಯ ಶಿಷ್ಯ ಗುರುಪಾದಯ್ಯ ಗುರುಗಳನ್ನು ಕೇಳಿದ.

ಯಾರ ಮೇಲಿನ ಮಾತು ಎಂಬುದು ಗುರುಗಳಿಗೆ ಗೊತ್ತಿತ್ತು. ಬೆಟ್ಟದ ಯಾತ್ರೆಯ ಉಸ್ತುವಾರಿ ಗುರುಪಾದಯ್ಯನದು. ಯುಗಾದಿ ಕಳೆದ ಮೇಲೆ ದೂರದೂರದಿಂದ ಬಂದ ಜನ ಮಧ್ಯಾಹ್ನದ ಮಂಗಳಾರತಿಯ ಹೊತ್ತಿಗೆ ಬರಿಗಾಲಲ್ಲಿ ಬೆಟ್ಟ ಹತ್ತುವುದು ಹಿಂದಿನಿಂದ ಬಂದ ಪದ್ಧತಿ. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ, ಕಳೆದ ಸಲ ಕೆಲವರು ಮೆಟ್ಟಿಲ ಮೇಲೆಯೇ ಕುಸಿದುಬಿದ್ದರು, ಯಾತ್ರೆಯನ್ನು ಚಳಿಗಾಲಕ್ಕೆ ತರೋಣ ಎಂದು ಕಿರಿಯ ಶಿಷ್ಯ ಚೆನ್ನಮಲ್ಲ ಹೇಳಿದ್ದ. ಅಂದಿನಿಂದ ಗುರುಪಾದಯ್ಯನಿಗೆ ಒಂದೇ ಸಂಶಯ. ಇವನಿಗೇಕೆ ಯಾತ್ರೆಯ ಉಸಾಬರಿ? ಇವತ್ತು ತಿಂಗಳು ಬದಲಿಸಿದವನು ನಾಳೆ ಉಸ್ತುವಾರಿಯನ್ನೂ ಬದಲಿಸದೆ ಬಿಡುತ್ತಾನೆಯೇ? ಬೆಳಗಾದರೆ ಭಕ್ತರ ಸಭೆ. ಅಲ್ಲಿ ಗುರುಪಾದಯ್ಯ ಹೂಂ ಅನ್ನಬೇಕು, ಇಲ್ಲವೇ ಉಹೂಂ ಅನ್ನಬೇಕು.

ಗುರುಗಳು ಒಂದು ಕತೆ ಹೇಳಿದರು.

ಕಡಲತೀರದಲ್ಲಿ ಒಬ್ಬ ಹೋಟೆಲಿನವನಿದ್ದ, ಪಕ್ಕದಲ್ಲೇ ಅದೇ ಕಸುಬಿನ ಅವನ ನೆರೆಯವನಿದ್ದ. ಮರಳ ಮೇಲೆ ಗರಿಯ ಚಪ್ಪರ ಹಾಕಿ, ಸಮುದ್ರ ನೋಡಲು ಬಂದವರಿಗೆ ಊಟ ಬಡಿಸಿ, ಮಲಗಲು ಜಾಗ ಕೊಟ್ಟು ಬದುಕುತ್ತಿದ್ದರು. ಮಳೆಗಾಲಕ್ಕೆ ಚಪ್ಪರ ಬಿಚ್ಚುವುದು, ಮಳೆ ಇಳಿದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಮೇಲೆ ಮತ್ತೆ ಕಟ್ಟುವುದು ಅಲ್ಲಿನ ವಾಡಿಕೆ. ಅದಕ್ಕೊಂದು ಕಟ್ಟಳೆಯೂ ಇತ್ತು. ಹೋದ ವರ್ಷ ಕಂಬ ನಿಂತಿದ್ದ ಕುಳಿಯಲ್ಲೇ ಈ ವರ್ಷವೂ ಕಂಬ ನಿಲ್ಲಬೇಕು. ಕುಳಿ ಬಿಟ್ಟವನಿಗೆ ಜಾಗದ ಮೇಲಿನ ಹಕ್ಕೂ ಹೋಯಿತು.

ಒಂದು ವರ್ಷ ನೆರೆಯವನು ತನ್ನ ಕುಳಿ ಬಿಟ್ಟು, ಗಾಳಿಮರಗಳ ಆಚೆ, ರಸ್ತೆಯ ಹತ್ತಿರ ಚಪ್ಪರ ಕಟ್ಟಿದ. ಹೋಟೆಲಿನವನಿಗೆ ಗುಮಾನಿ ಹತ್ತಿತು. ಸುಮ್ಮನೆ ಯಾರಾದರೂ ಹಕ್ಕು ಬಿಡುತ್ತಾರೆಯೇ? ಏನೋ ಮಸಲತ್ತಿದೆ. ರಸ್ತೆಯಲ್ಲೇ ಕಾದು ಕೂತು ಗಿರಾಕಿಗಳನ್ನು ಹಿಡಿದು ಹಾಕುವ ಉಪಾಯ ಅದು ಎಂದು ಅವನು ತೀರ್ಮಾನಿಸಿದ. ನೆರೆಯವನು ತಾನಾಗಿ ಬಂದು ಹೇಳಿಯೂ ಹೇಳಿದ: ಸಮುದ್ರ ಮೊದಲಿನ ಹಾಗಿಲ್ಲ, ಮರಳು ಕರಗುತ್ತಿದೆ, ಬಿರುಗಾಳಿಗೆ ಈಗ ಇಂಥದೇ ತಿಂಗಳು ಅಂತಿಲ್ಲ, ನೀನೂ ಹಿಂದೆ ಬಾ. ಅದನ್ನು ಕೇಳಿ ಹೋಟೆಲಿನವನ ಗುಮಾನಿ ಗಟ್ಟಿಯಾಯಿತು. ತಾನು ಎದ್ದರೆ ತೀರವೆಲ್ಲ ಇವನದೇ, ಅದಕ್ಕೇ ಈ ಕಾಳಜಿ ಅಂದುಕೊಂಡ. ಎಂಥ ಜಾಣ ನೋಡು! ನೆರೆಯವನು ಬಿಟ್ಟ ಕುಳಿಗಳಲ್ಲೂ ತನ್ನ ಕಂಬ ನೆಟ್ಟ. ಚಪ್ಪರ ದೊಡ್ಡದಾಯಿತು. ಅಲೆ ಅಂಗಳಕ್ಕೇ ಬರುತ್ತದೆ ಎಂದು ಬಂದವರಿಗೆಲ್ಲ ಹೊಗಳಿ ಹೇಳಿದ. ಗಿರಾಕಿಗಳಿಗೂ ಅದೇ ಬೇಕಾಗಿತ್ತು. ನೆರೆಯವನ ಕಡೆಗೆ ಯಾರು ಹೋದರು, ಯಾರು ಬಂದರು ಎಂದು ದಿನವೂ ಕಣ್ಣಿಟ್ಟು ಕೂತ.

ದೀಪಾವಳಿ ಕಳೆದು, ಆಕಾಶ ತಿಳಿಯಾಗಿರಬೇಕಾದ ದಿನಗಳು. ಊಟದ ಹೊತ್ತಿಗೆ ಗಾಳಿ ಎದ್ದಿತು. ನೀರು ಅಡುಗೆಯ ಒಲೆಯನ್ನು ಎಳೆದುಕೊಂಡಿತು, ಆಮೇಲೆ ಕಂಬಗಳನ್ನು. ಪಂಕ್ತಿಯಲ್ಲಿ ಕೂತವರು ಎಲೆ ಬಿಟ್ಟು ಓಡಿದರು. ನೆರೆಯವನು ಹಗ್ಗ ಹಿಡಿದು ಬಂದು ಕೈಗೆ ಸಿಕ್ಕವರನ್ನೆಲ್ಲ ತನ್ನ ಚಪ್ಪರಕ್ಕೆ ಎಳೆದು ಹಾಕಿದ. ಗಂಡನ ಜೊತೆ ಮೊದಲ ಸಲ ಸಮುದ್ರ ನೋಡಲು ಬಂದಿದ್ದ ಒಬ್ಬಳು ಮಾತ್ರ ಸಿಗಲಿಲ್ಲ.

ಹೋಟೆಲಿನವನು ನೆರೆಯವನ ಎದೆಪಟ್ಟಿ ಹಿಡಿದು, "ನಿನಗೆ ಮೊದಲೇ ಗೊತ್ತಿತ್ತು. ಯಾಕೆ ಹೇಳಲಿಲ್ಲ?" ಎಂದು ಕೇಳಿದ.

"ಹೇಳಿದ್ದೆನಲ್ಲ ಮಾರಾಯ. ನಾನು ಏನು ಹೇಳಿದೆ ಅಂತ ನೀನು ಕೇಳಲಿಲ್ಲ, ಯಾಕೆ ಹೇಳಿದೆ ಅಂತ ಯೋಚಿಸುತ್ತಾ ಕೂತೆ," ಎಂದ ನೆರೆಯವನು.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದಯ್ಯನ ಸಂಶಯ ಇನ್ನೂ ಸತ್ತಿರಲಿಲ್ಲ.

"ಆದರೂ ಬುದ್ಧೀ, ಆ ನೆರೆಯವನ ಮನಸ್ಸಿನಲ್ಲಿ ಒಂದಿಷ್ಟಾದರೂ ಸ್ವಾರ್ಥ ಇತ್ತೋ ಇಲ್ಲವೋ?"

"ಇದ್ದರೂ ಇರಬಹುದಪ್ಪ; ಅದಿರಲಿ, ಮಟಮಟ ಮಧ್ಯಾಹ್ನ ಆ ಮೆಟ್ಟಿಲ ಮೇಲೆ ನೀನು ಬರಿಗಾಲಿಟ್ಟು ಎಷ್ಟು ವರ್ಷವಾಯಿತು?"